ಮಾಡದ ಕರ್ಮದ ಫಲ: ಮಾಸು, ಮಧುಮೇಹ ಮತ್ತು ಹೊಣೆಯ ಪ್ರಶ್ನೆ

ಭಾರತೀಯ ದರ್ಶನಗಳು ತಮ್ಮೊಳಗೆ ಎಷ್ಟೇ ಜಗಳವಾಡಿದರೂ ಎರಡು ದೋಷಗಳನ್ನು ಮಾತ್ರ ಕರ್ಮವನ್ನು ಒಪ್ಪುವ ಯಾವ ಪಕ್ಷವೂ ತನ್ನ ಮೇಲೆ ಎಳೆದುಕೊಳ್ಳಲು ಸಿದ್ಧವಿಲ್ಲ. ಮಾಡಿದ ಕರ್ಮವು ಫಲ ಕೊಡದೆಯೇ ನಾಶವಾಗುವುದು ಕೃತಹಾನಿ. ಮಾಡದೆ ಇದ್ದುದರ ಫಲವು ಒಬ್ಬನ ಮೇಲೆ ಬಂದೆರಗುವುದು ಅಕೃತಾಭ್ಯಾಗಮ. ನ್ಯಾಯಸೂತ್ರದ ಮೂರನೆಯ ಅಧ್ಯಾಯ ಮುಗಿಯುವುದೇ ಈ ಎರಡನೆಯ ದೋಷದ ಹೆಸರೆತ್ತಿ: ಶರೀರದ ಹುಟ್ಟಿಗೆ ಕರ್ಮ ಕಾರಣವಲ್ಲವೆಂದರೆ ಪ್ರಾಣಿಯು ಉಣ್ಣುವ ಸುಖದುಃಖಗಳೆಲ್ಲ ತಾನು ಮಾಡದ್ದರ ಫಲವೆಂದು ಹೇಳಬೇಕಾಗುತ್ತದೆ, ಅದು ಸಲ್ಲದು ಎಂಬುದು ಅಲ್ಲಿನ ವಾದ. ಈ ವಾದಕ್ಕೆ ಇರುವ ಅತ್ಯಂತ ಕಠಿಣವಾದ ಪರೀಕ್ಷೆ ಗರ್ಭದಲ್ಲಿರುವ ಕೂಸು. ಅದು ಇನ್ನೂ ಏನನ್ನೂ ಮಾಡಿಲ್ಲ, ಏನನ್ನೂ ಆರಿಸಿಕೊಂಡಿಲ್ಲ. ಆದರೂ ಹುಟ್ಟುವ ಹೊತ್ತಿಗೆ ಅದರ ದೇಹವು ಮುಂದಿನ ಐವತ್ತು ವರ್ಷಗಳ ಆರೋಗ್ಯದ ಒಂದು ಪಾಲನ್ನು ಆಗಲೇ ಬರೆಸಿಕೊಂಡಿರುತ್ತದೆ. ಮಧುಮೇಹವಿರುವ ತಾಯಿಯಿಂದ ಮಗುವಿಗೆ ಪೋಷಕಾಂಶಗಳು ಸಾಗುವ ಬಗೆಯನ್ನು ಆಧುನಿಕ ವೈದ್ಯಶಾಸ್ತ್ರ ಬಿಡಿಸಿಟ್ಟಷ್ಟೂ ಕರ್ತೃ ಯಾರು, ಭೋಕ್ತೃ ಯಾರು ಎಂಬ ಹಳೆಯ ಪ್ರಶ್ನೆ ಹೊಸ ಮೊನಚನ್ನು ಪಡೆಯುತ್ತದೆ.

ಈ ಸಾಗಣೆ ನಡೆಯುವ ಜಾಗ ಮಾಸು. ಹೊಕ್ಕುಳಬಳ್ಳಿಯ ಒಂದು ತುದಿ ಕೂಸಿಗೂ ಇನ್ನೊಂದು ತುದಿ ಇದಕ್ಕೂ ಅಂಟಿರುತ್ತದೆ. ದಿನ ತುಂಬಿದಾಗ ಅರ್ಧ ಕಿಲೋದ ಆಸುಪಾಸು ತೂಗುವ ಈ ಅಂಗವನ್ನು ಹೆರಿಗೆಯ ನಂತರ ಬಿದ್ದುಹೋಗುವ ಕಸವೆಂದು ಜನ ಎಣಿಸಿದರೂ, ಹೆರಿಗೆಯವರೆಗೆ ಕೂಸಿನ ಶ್ವಾಸಕೋಶ, ಕರುಳು, ಮೂತ್ರಪಿಂಡಗಳ ಕೆಲಸವನ್ನೆಲ್ಲ ಮಾಡುವುದು ಅದೇ. ಅದರೊಳಗೆ ಮರದ ಕವಲುಗಳಂತೆ ಒಡೆದ ಸಾವಿರಾರು ನವಿರಾದ ಎಸಳುಗಳಿವೆ. ಎಸಳಿನ ಒಳಗೆ ಹರಿಯುವುದು ಕೂಸಿನ ರಕ್ತ, ಹೊರಗೆ ಎಸಳನ್ನು ತೊಯಿಸುವುದು ತಾಯಿಯ ರಕ್ತ, ಎರಡೂ ಬೆರೆಯುವುದಿಲ್ಲ. ನಡುವೆ ಇರುವುದು ಜೀವಕೋಶಗಳು ಒಂದಕ್ಕೊಂದು ಕೂಡಿ ಗಡಿಯೇ ಇಲ್ಲದಂತೆ ಹರಡಿಕೊಂಡ ಒಂದು ತೆಳು ಪೊರೆ. ಎಲ್ಲ ಎಸಳುಗಳನ್ನೂ ಬಿಡಿಸಿ ಹರಡಿದರೆ ಈ ಪೊರೆ ಹತ್ತು ಚದರ ಮೀಟರಿಗೂ ಮಿಕ್ಕಿದ ವಿಸ್ತಾರವಾಗುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ತಾಯಿಯ ಗರ್ಭಕೋಶದಲ್ಲಿ ಬೇರೂರಿದ್ದರೂ ಮಾಸಿನ ಬಹುಭಾಗ ತಾಯಿಯದಲ್ಲ; ಫಲಿತವಾದ ಅಂಡದಿಂದಲೇ ಬೆಳೆದದ್ದಾದ್ದರಿಂದ ವಂಶವಾಹಿಗಳ ಲೆಕ್ಕದಲ್ಲಿ ಅದು ಕೂಸಿನದೇ ಅಂಗ.

ಈ ಪೊರೆಯ ಮೇಲೆ ಸಕ್ಕರೆಯ ಒಂದು ಕಣವನ್ನು ಹಿಂಬಾಲಿಸಬಹುದು. ರಕ್ತದಲ್ಲಿ ಕರಗಿರುವ ಸಕ್ಕರೆಯಾದ ಗ್ಲೂಕೋಸನ್ನು ದಾಟಿಸಲು ಪೊರೆಯ ಎರಡೂ ಮುಖಗಳಲ್ಲಿ ವಾಹಕ ಪ್ರೋಟೀನುಗಳಿವೆ. ಅವು ಶಕ್ತಿಯನ್ನು ಖರ್ಚು ಮಾಡಿ ಸಕ್ಕರೆಯನ್ನು ಎಳೆದುಕೊಳ್ಳುವುದಿಲ್ಲ. ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಿಯಲು ದಾರಿ ಬಿಡುತ್ತವೆ, ಅಷ್ಟೆ. ಕೂಸು ತಾನಾಗಿ ಗ್ಲೂಕೋಸನ್ನು ಬಹುಮಟ್ಟಿಗೆ ತಯಾರಿಸುವುದಿಲ್ಲವಾದ್ದರಿಂದ ಅದರ ರಕ್ತದ ಸಕ್ಕರೆ ತಾಯಿಯದಕ್ಕಿಂತ ತುಸು ಕೆಳಗೇ ಇರುತ್ತದೆ, ಹರಿವು ತಾಯಿಯಿಂದ ಕೂಸಿನ ಕಡೆಗೇ ಸಾಗುತ್ತದೆ. ತಾಯಿಯ ರಕ್ತದಲ್ಲಿ ಸಕ್ಕರೆ ಏರಿದರೆ ಹರಿವೂ ಏರುತ್ತದೆ. ಆದರೆ ಆ ಸಕ್ಕರೆಯನ್ನು ಅಂಕೆಯಲ್ಲಿಡಬೇಕಾದ ಇನ್ಸುಲಿನ್ ಎಂಬ ಚೋದಕರಸ, ತಾಯಿಯ ದೇಹದಲ್ಲಿ ಹುಟ್ಟಿದ್ದಾಗಲಿ ಸೂಜಿಯ ಮೂಲಕ ಹೊರಗಿನಿಂದ ಬಂದದ್ದಾಗಲಿ, ಈ ಪೊರೆಯನ್ನು ದಾಟಿ ಕೂಸನ್ನು ಹೇಳಿಕೊಳ್ಳುವಷ್ಟು ಪ್ರಮಾಣದಲ್ಲಿ ಮುಟ್ಟುವುದಿಲ್ಲ. ಹೊರೆ ದಾಟುತ್ತದೆ, ಹೊರೆಯನ್ನು ಇಳಿಸುವ ಉಪಾಯ ದಾಟುವುದಿಲ್ಲ.

ಆಗ ಕೂಸು ಸುಮ್ಮನಿರುವುದಿಲ್ಲ. ಮೂರನೆಯ ತಿಂಗಳ ಹೊತ್ತಿಗೆ ಅದರ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಕಾಣಿಸಿಕೊಳ್ಳುತ್ತದೆ. ಗರ್ಭದ ಉತ್ತರಾರ್ಧದಲ್ಲಿ, ಬಂದ ಸಕ್ಕರೆಗೆ ತಕ್ಕಂತೆ ಆ ಗ್ರಂಥಿ ತನ್ನ ಸ್ರಾವವನ್ನು ಹೆಚ್ಚಿಸುತ್ತದೆ. ಡೆನ್ಮಾರ್ಕಿನ ವೈದ್ಯ ಯೋರ್ಗೆನ್ ಪೀಡರ್ಸನ್ 1952ರಲ್ಲಿ ಮಂಡಿಸಿದ ಊಹೆಯ ತಿರುಳು ಇದೇ: ತಾಯಿಯ ಸಕ್ಕರೆ ಕೂಸಿನ ಸಕ್ಕರೆಯನ್ನು ಏರಿಸುತ್ತದೆ, ಅದು ಕೂಸಿನ ಇನ್ಸುಲಿನ್ನನ್ನು ಏರಿಸುತ್ತದೆ, ಗರ್ಭದಲ್ಲಿ ಬೆಳವಣಿಗೆಯ ಚೋದಕವಾಗಿಯೂ ದುಡಿಯುವ ಆ ಇನ್ಸುಲಿನ್ ಕೊಬ್ಬನ್ನೂ ಮೈಯನ್ನೂ ಹಿಗ್ಗಿಸುತ್ತದೆ. ಹೊಕ್ಕುಳಬಳ್ಳಿಯನ್ನು ಕತ್ತರಿಸಿದ ಕ್ಷಣ ಸಕ್ಕರೆಯ ಹರಿವು ನಿಲ್ಲುತ್ತದೆ, ಇನ್ಸುಲಿನ್ ಮಾತ್ರ ನಿಲ್ಲುವುದಿಲ್ಲ; ಹೀಗಾಗಿ ದುಂಡುದುಂಡಾಗಿ ಹುಟ್ಟಿದ ಕೂಸೇ ಮೊದಲ ಕೆಲವು ಗಂಟೆಗಳಲ್ಲಿ ಸಕ್ಕರೆ ಕುಸಿದು ನಡುಗತೊಡಗುತ್ತದೆ, ದಾದಿಯರು ಅದರ ಹಿಮ್ಮಡಿಯನ್ನು ಚುಚ್ಚಿ ಹನಿ ರಕ್ತ ತೆಗೆದು ಮತ್ತೆಮತ್ತೆ ಅಳೆಯಬೇಕಾಗುತ್ತದೆ. ಇಲ್ಲಿ ತತ್ತ್ವಜಿಜ್ಞಾಸುವಿಗೆ ಒಂದು ವಿಚಿತ್ರ ಎದುರಾಗುತ್ತದೆ. ಕೂಸಿನ ಮೈಗೆ ಹಾನಿ ಮಾಡಿದ್ದು ತಾಯಿಯ ಸಕ್ಕರೆಯೋ, ಅದಕ್ಕೆ ಉತ್ತರವಾಗಿ ಕೂಸಿನದೇ ಗ್ರಂಥಿ ಮಾಡಿದ ಕೆಲಸವೋ? ಕರ್ತೃತ್ವವೆಂದರೆ ಕೇವಲ ಕ್ರಿಯೆಯೆಂದು ಹಿಡಿದರೆ ಕೂಸು ಕರ್ತೃವೇ. ಸಂಕಲ್ಪಪೂರ್ವಕವಾದ ಕ್ರಿಯೆಯೆಂದು ಹಿಡಿದರೆ ಇಡೀ ಪ್ರಸಂಗದಲ್ಲಿ ಕರ್ತೃವೇ ಇಲ್ಲ.

ಸಕ್ಕರೆಯೊಂದೇ ದಾಟುವುದಲ್ಲ. ಪ್ರೋಟೀನಿನ ಬಿಡಿಭಾಗಗಳಾದ ಅಮೈನೋ ಆಮ್ಲಗಳನ್ನು ಮಾಸು ಶಕ್ತಿ ವ್ಯಯಿಸಿ, ಇಳಿಜಾರಿನ ವಿರುದ್ಧ ಸಾಗಿಸುತ್ತದೆ, ಆದ್ದರಿಂದ ಅವು ತಾಯಿಯ ರಕ್ತಕ್ಕಿಂತ ಕೂಸಿನ ರಕ್ತದಲ್ಲೇ ಹೆಚ್ಚು. ಮಧುಮೇಹದಲ್ಲಿ ಈ ಸಾಗಣೆ ಏರುತ್ತದೆಯೇ ಇಳಿಯುತ್ತದೆಯೇ ಎಂಬ ಬಗ್ಗೆ ಸಂಶೋಧನೆಗಳು ಒಮ್ಮತಕ್ಕೆ ಬಂದಿಲ್ಲ. ತಾಯಿಯ ರಕ್ತದಲ್ಲಿ ಏರಿದ ಕೊಬ್ಬನ್ನು ಮಾಸಿನ ಕಿಣ್ವಗಳು ಒಡೆದು ಕೊಬ್ಬಿನಾಮ್ಲಗಳಾಗಿ ದಾಟಿಸುತ್ತವೆ. ಕಬ್ಬಿಣದ ಕಥೆ ಇನ್ನೂ ಸೂಕ್ಷ್ಮ: ಹೆಚ್ಚಿದ ಇನ್ಸುಲಿನ್‌ನಿಂದ ಕೂಸಿನ ಆಮ್ಲಜನಕದ ಹಸಿವು ಏರಿ, ಅದನ್ನು ತಣಿಸಲು ಕೆಂಪು ರಕ್ತಕಣಗಳು ಹೆಚ್ಚಾಗಿ ಹುಟ್ಟಿ, ಅವಕ್ಕೆ ಬೇಕಾದ ಕಬ್ಬಿಣ ಯಕೃತ್ತಿನ ಸಂಗ್ರಹದಿಂದ, ಕೆಲವೊಮ್ಮೆ ಮಿದುಳಿನ ಪಾಲಿನಿಂದಲೂ ಖರ್ಚಾಗುತ್ತದೆ. ಬಹುಕಾಲದ ಮಧುಮೇಹದಿಂದ ತಾಯಿಯ ರಕ್ತನಾಳಗಳೇ ಕೆಟ್ಟಿದ್ದರೆ ಮಾಸಿಗೆ ರಕ್ತವೇ ಸಾಲದೆ ಕೂಸು ಬಡಕಲಾಗಿಯೂ ಹುಟ್ಟಬಹುದು. ತುಂಬಿ ತುಳುಕುವ ಒಂದು ಪೋಷಕಾಂಶದ ನಡುವೆಯೇ ಇನ್ನೊಂದರ ಬರವಿರಬಹುದು ಎಂಬುದನ್ನು, ದಪ್ಪ ಕೂಸೆಂದರೆ ಪುಷ್ಟ ಕೂಸು ಎಂದು ನಂಬಿದ ಮನೆಗಳು ಸುಲಭವಾಗಿ ಒಪ್ಪುವುದಿಲ್ಲ.

ಚರಕಸಂಹಿತೆಯ ಶಾರೀರಸ್ಥಾನ ಈ ಸಂಬಂಧವನ್ನು ತನ್ನ ಕಾಲದ ಪರಿಭಾಷೆಯಲ್ಲಿ ಬಹಳ ಹತ್ತಿರದಿಂದ ಕಂಡಿದೆ. ಕೂಸಿನ ಹೊಕ್ಕುಳಿಗೆ ನಾಡಿ, ನಾಡಿಗೆ ಅಪರಾ ಎಂದು ಕರೆಯುವ ಮಾಸು, ಮಾಸಿಗೆ ತಾಯಿಯ ಹೃದಯ ಎಂದು ಕೊಂಡಿಗಳನ್ನು ಹೇಳಿ, ತಾಯಿಯ ಹೃದಯವು ಸಿರೆಗಳ ಮೂಲಕ ಮಾಸನ್ನು ತೋಯಿಸುತ್ತದೆ ಎನ್ನುತ್ತದೆ; ಗರ್ಭಿಣಿ ಉಂಡ ಆಹಾರದ ಸಾರವು ಮೂರು ಪಾಲಾಗಿ ಅವಳ ಮೈಗೆ, ಹಾಲಿಗೆ, ಗರ್ಭದ ಬೆಳವಣಿಗೆಗೆ ಹೋಗುತ್ತದೆ ಎಂದೂ ವಿವರಿಸುತ್ತದೆ. ಅದೇ ಸ್ಥಾನದ ಮೂರನೆಯ ಅಧ್ಯಾಯದಲ್ಲಿ ಗರ್ಭವು ಯಾವುದರಿಂದ ಆಗುತ್ತದೆ ಎಂಬ ವಾದವೇ ನಡೆಯುತ್ತದೆ. ತಾಯಿ, ತಂದೆ, ಆತ್ಮ, ಒಗ್ಗಿದ ಆಹಾರವಿಹಾರವಾದ ಸಾತ್ಮ್ಯ, ಅನ್ನರಸ, ಮನಸ್ಸು ಎಂಬ ಆರೂ ಸೇರಿ ಗರ್ಭವಾಗುತ್ತದೆ ಎಂದು ಆತ್ರೇಯ ಹೇಳಿದರೆ ಭರದ್ವಾಜ ಒಂದೊಂದನ್ನೂ ಅಲ್ಲಗಳೆಯುತ್ತಾನೆ. ಅನ್ನರಸದಿಂದಲೇ ಗರ್ಭವಾಗುವುದಾದರೆ ಮಾಂಸ, ತುಪ್ಪ ಉಂಡವರಿಗೆಲ್ಲ ಮಕ್ಕಳಾಗಿ, ಸಾಮೆ, ಹಾರಕದಂಥ ಕಿರುಧಾನ್ಯ ತಿನ್ನುವವರೆಲ್ಲ ಬಂಜೆಯಾಗಬೇಕಿತ್ತು, ಹಾಗೇನೂ ಕಾಣುವುದಿಲ್ಲವಲ್ಲ ಎಂಬುದು ಅವನ ಕುಟುಕು. ಆತ್ರೇಯನ ಉತ್ತರ, ಹಲವು ಬಿಡಿಭಾಗಗಳು ಕೂಡಿ ರಥವಾಗುವಂತೆ ಗರ್ಭವು ಸಮುದಾಯದಿಂದ ಆಗುವಂಥದ್ದು, ಬಿಡಿಯಾಗಿ ಯಾವುದೂ ಅದರ ಕಾರಣವಲ್ಲ ಎಂಬುದು. ಆಧುನಿಕ ಸಂಶೋಧನೆಯ ನಡುವೆ ನಿಂತು ನೋಡಿದರೂ ಈ ಉತ್ತರ ಹಳತಾಗಿಲ್ಲ.

ಆದರೆ ಅದೇ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ, ಗರ್ಭಕ್ಕೆ ಹಾನಿ ತರುವ ಸಂಗತಿಗಳ ಪಟ್ಟಿಯ ನಡುವೆ, ಸದಾ ಸಿಹಿ ತಿನ್ನುವ ಗರ್ಭಿಣಿಗೆ ಪ್ರಮೇಹಿಯೋ ಮೂಕನೋ ಅತಿ ಸ್ಥೂಲನೋ ಆದ ಮಗು ಹುಟ್ಟುತ್ತದೆ ಎಂಬ ಮಾತು ಬರುತ್ತದೆ. ಪ್ರಮೇಹವೆಂದರೆ ಮೂತ್ರವಿಕಾರಗಳ ಒಂದು ವರ್ಗ. ಮಧುಮೇಹ ಅದರಲ್ಲಿ ಒಂದು. ಸ್ಥೂಲತೆ ಮತ್ತು ಮಧುಮೇಹ ಎರಡನ್ನೂ ತಾಯಿಯ ಆಹಾರಕ್ಕೆ ಜೋಡಿಸಿದ ಈ ವಾಕ್ಯವನ್ನು ಕಂಡು ಪ್ರಾಚೀನರಿಗೆ ಎಲ್ಲವೂ ತಿಳಿದಿತ್ತೆಂದು ಸಂಭ್ರಮಿಸುವವರಿದ್ದಾರೆ. ಸಂಭ್ರಮಕ್ಕಿಂತ ಎಚ್ಚರವೇ ಇಲ್ಲಿ ಹೆಚ್ಚು ಬೇಕಾದದ್ದು, ಏಕೆಂದರೆ ಈ ವಾಕ್ಯ ಕಾರಣವನ್ನೂ ತಪ್ಪನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಅದರ ಮನೆಮಾತಿನ ರೂಪ ಇವತ್ತಿಗೂ ಜೀವಂತವಾಗಿದೆ. ಬಸುರಿಗೆ ಸಕ್ಕರೆ ಕಾಯಿಲೆಯೆಂದು ವೈದ್ಯರು ಹೇಳಿದ ದಿನವೇ ಅತ್ತೆಮನೆಯಲ್ಲಿ ಅವಳು ತಿಂದ ಮಾವಿನಹಣ್ಣು, ಹೋಳಿಗೆಗಳ ಲೆಕ್ಕ ಶುರುವಾಗುತ್ತದೆ. ಸೀಮಂತದಲ್ಲಿ ಅವಳ ಮಡಿಲಿಗೆ ಸಿಹಿ ತುಂಬಿದವರೂ ಅದೇ ಜನ. ಚರಕನೇ ನಾಲ್ಕನೆಯ ಅಧ್ಯಾಯದಲ್ಲಿ ಬಸುರಿಯ ಬಯಕೆ ಅವಳದಷ್ಟೇ ಅಲ್ಲ, ಗರ್ಭದ ಬಯಕೆಯೂ ಹೌದು, ಬಯಕೆ ತೀವ್ರವಾಗಿದ್ದರೆ ಅಹಿತವಾದದ್ದನ್ನೂ ಹಿತವಾದದ್ದರೊಡನೆ ಬೆರೆಸಿ ಕೊಡಬಹುದು ಎಂದು ಹೇಳಿರುವುದನ್ನು ಎಂಟನೆಯ ಅಧ್ಯಾಯವನ್ನು ಉದಾಹರಿಸುವವರು ಮರೆಯುತ್ತಾರೆ. ಬಯಕೆ ಗರ್ಭದ್ದಾದರೆ ತಿಂದದ್ದರ ಕರ್ತೃ ಯಾರು?

ಶರೀರವಿಜ್ಞಾನ ಈ ತೊಡಕನ್ನು ಇನ್ನಷ್ಟು ಬಿಗಿಯಾಗಿಸುತ್ತದೆ. ಗರ್ಭಕಾಲದಲ್ಲಿ ಮಾತ್ರ ತೋರುವ ಮಧುಮೇಹಕ್ಕೆ ಒಂದು ದೊಡ್ಡ ಕಾರಣ ಮಾಸೇ ಸ್ರವಿಸುವ ಚೋದಕರಸಗಳು. ಅವು ತಾಯಿಯ ಸ್ನಾಯುಗಳು ಇನ್ಸುಲಿನ್‌ಗೆ ಓಗೊಡದಂತೆ ಮಾಡಿ, ಅವಳ ರಕ್ತದಲ್ಲಿ ಸಕ್ಕರೆ ಹೆಚ್ಚು ಹೊತ್ತು ನಿಲ್ಲುವಂತೆ ನೋಡಿಕೊಳ್ಳುತ್ತವೆ. ಬಹುಪಾಲು ಹೆಂಗಸರ ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ಸುರಿಸಿ ಇದನ್ನು ಸರಿದೂಗಿಸುತ್ತದೆ, ಕೆಲವರದು ಸೋಲುತ್ತದೆ. ಹೆರಿಗೆಯಾಗಿ ಮಾಸು ಬಿದ್ದ ಮೇಲೆ ಹೆಚ್ಚಿನವರ ಸಕ್ಕರೆ ಕೆಲವೇ ದಿನಗಳಲ್ಲಿ ಇಳಿದುಬಿಡುತ್ತದೆ. ಮಾಸು ಕೂಸಿನದೇ ಅಂಗವೆಂಬುದನ್ನು ನೆನೆದರೆ, ತಾಯಿಯ ಕಾಯಿಲೆ ಕೂಸಿಗೆ ದಾಟಿತು ಎಂಬ ಒಮ್ಮುಖದ ಕಥನ ನಿಲ್ಲುವುದಿಲ್ಲ. ಜೀವವಿಕಾಸವಾದಿ ಡೇವಿಡ್ ಹೇಗ್ 1993ರಲ್ಲಿ ಬರೆದ ಲೇಖನದಲ್ಲಿ ಇದನ್ನು ತಾಯಿ ಮತ್ತು ಕೂಸಿನ ವಂಶವಾಹಿಗಳ ನಡುವಿನ ಹಿತಸಂಘರ್ಷವೆಂದೇ ವಿವರಿಸಿದ. ಮಾತೃತ್ವವನ್ನು ಬರೀ ತ್ಯಾಗವೆಂದು ಹಾಡುವ ಪರಂಪರೆಗೆ ಆ ಶಬ್ದ ಒರಟಾಗಿ ಕೇಳಿಸಬಹುದು. ಬಸುರಿಯ ಮೇಲೆ ಹೊರಿಸುವ ಆಪಾದನೆಗಿಂತ ಅದು ಹೆಚ್ಚು ಪ್ರಾಮಾಣಿಕ.

ತಪ್ಪಿತಸ್ಥೆಯೆಂದು ಗೆರೆ ಎಳೆಯಲು ಅಂಕೆಗಳೂ ಒದಗುವುದಿಲ್ಲ. ಒಂಬತ್ತು ದೇಶಗಳ 23,000ಕ್ಕೂ ಹೆಚ್ಚು ಗರ್ಭಿಣಿಯರನ್ನು ಒಳಗೊಂಡು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು, ತಾಯಿಯ ಸಕ್ಕರೆ ಏರಿದಷ್ಟೂ ದಪ್ಪ ಕೂಸು ಮತ್ತು ಕೂಸಿನ ರಕ್ತದಲ್ಲಿ ಹೆಚ್ಚಿದ ಇನ್ಸುಲಿನ್‌ನ ಸಂಭವ ಏರುತ್ತ ಹೋಗುತ್ತದೆಂದೂ, ಇಲ್ಲಿಯವರೆಗೆ ನಿರಪಾಯ, ಇಲ್ಲಿಂದಾಚೆ ಅಪಾಯ ಎನ್ನುವಂಥ ಮೆಟ್ಟಿಲು ಎಲ್ಲೂ ಇಲ್ಲವೆಂದೂ ತೋರಿಸಿತು. ಭಾರತದ ಆಸ್ಪತ್ರೆಗಳಲ್ಲಿ 75 ಗ್ರಾಂ ಗ್ಲೂಕೋಸಿನ ನೀರು ಕುಡಿಸಿ ಎರಡು ಗಂಟೆಯ ನಂತರ ರಕ್ತದ ಸಕ್ಕರೆ ಡೆಸಿಲೀಟರಿಗೆ 140 ಮಿಲಿಗ್ರಾಂ ಮುಟ್ಟಿದರೆ ಕಾಯಿಲೆಯೆಂದು ಬರೆದುಕೊಳ್ಳುವುದು ಚಿಕಿತ್ಸೆಯ ಅನುಕೂಲಕ್ಕೆ ಎಳೆದ ಗೆರೆ. 138 ಬಂದವಳು ಪುಣ್ಯವಂತೆ, 142 ಬಂದವಳು ದೋಷಿ ಎನ್ನಲು ಅದರಲ್ಲಿ ಏನೂ ಆಧಾರವಿಲ್ಲ.

ತಪ್ಪು ತಾಯಿಯದಲ್ಲದಿದ್ದರೆ ಬೀಜದ್ದೆನ್ನಬಹುದೇ? ಸುಶ್ರುತನು ಪ್ರಮೇಹವನ್ನು ಹುಟ್ಟಿನಿಂದಲೇ ಬಂದ ಸಹಜ ಮತ್ತು ಅಪಥ್ಯದಿಂದ ಬಂದದ್ದು ಎಂದು ಎರಡಾಗಿ ವಿಂಗಡಿಸಿ, ಮೊದಲನೆಯದಕ್ಕೆ ತಾಯಿತಂದೆಯರ ಬೀಜದೋಷವನ್ನು ಕಾರಣವಾಗಿ ಹೇಳುತ್ತಾನೆ. ಈ ಎರಡರ ನಡುವೆ ಮೂರನೆಯದೊಂದು ಇದೆಯೆಂಬುದು ಸ್ಪಷ್ಟವಾದದ್ದು ಅಮೆರಿಕದ ಆರಿಜೋನಾದಲ್ಲಿ, ಮಧುಮೇಹ ವಿಪರೀತವಾಗಿ ಹಬ್ಬಿರುವ ಪೀಮಾ ಜನರಲ್ಲಿ. ತಮ್ಮ ನುಡಿಯಲ್ಲಿ ಅವರು ಅಕಿಮೆಲ್ ಓಧಾಮ್. ಅಲ್ಲಿ 1965ರಿಂದ ನಡೆದ ದೀರ್ಘ ಅಧ್ಯಯನದ ಆಧಾರದ ಮೇಲೆ 2000ದಲ್ಲಿ ಸಂಶೋಧಕರು ಒಂದೇ ತಾಯಿತಂದೆಯರ ಮಕ್ಕಳನ್ನು ಹೋಲಿಸಿದರು: ತಾಯಿಗೆ ಮಧುಮೇಹ ಬರುವ ಮೊದಲು ಹುಟ್ಟಿದವರು ಮತ್ತು ಬಂದ ಮೇಲೆ ಹುಟ್ಟಿದವರು. ಬೀಜ ಒಂದೇ, ಮನೆ ಒಂದೇ, ಅಡುಗೆ ಒಂದೇ. ಆದರೂ ನಂತರ ಹುಟ್ಟಿದವರಲ್ಲಿ ಮಧುಮೇಹದ ಸಾಧ್ಯತೆ ಮೂರು ಪಟ್ಟಿಗೂ ಮೀರಿತ್ತು, ಮೈಯ ತೂಕವೂ ಹೆಚ್ಚಿತ್ತು. ತಂದೆಯ ಮಧುಮೇಹಕ್ಕೆ ಮೊದಲು ಮತ್ತು ನಂತರ ಹುಟ್ಟಿದ ಮಕ್ಕಳ ನಡುವೆ ಇಂಥ ಅಂತರ ಕಾಣಲಿಲ್ಲ. ಭೇದ ಹುಟ್ಟಿದ್ದು ಬೀಜದಿಂದಲ್ಲ, ಕ್ಷೇತ್ರವಾದ ಗರ್ಭದ ಆ ಕಾಲದ ಸ್ಥಿತಿಯಿಂದ.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ದಾಖಲೆಗಳು ಇದೇ ದಿಕ್ಕಿನಲ್ಲಿ ಮಾತಾಡುತ್ತವೆ. ಆ ಆಸ್ಪತ್ರೆ 1934ರಿಂದಲೂ ಕೂಸುಗಳ ತೂಕ, ಉದ್ದಗಳನ್ನು ಬರೆದಿಡುತ್ತ ಬಂದದ್ದರಿಂದ, ಅಲ್ಲಿ ಹುಟ್ಟಿದವರನ್ನು ದಶಕಗಳ ನಂತರ ಹುಡುಕಿ ಪರೀಕ್ಷಿಸಲು ಸಾಧ್ಯವಾಯಿತು. 1998ರಲ್ಲಿ ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಪ್ರಕಟಿಸಿದ ಫಲಿತಾಂಶದ ಪ್ರಕಾರ ಮಧುಮೇಹ ಹೆಚ್ಚು ಕಂಡದ್ದು ಗಿಡ್ಡಗೆ ದುಂಡಗೆ ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ. ಇಂಗ್ಲೆಂಡಿನಲ್ಲಿ ಕಡಿಮೆ ತೂಕದ ಕೂಸುಗಳಿಗೆ ಅಂಟಿಕೊಂಡಿದ್ದ ಅಪಾಯ ಇಲ್ಲಿ ಬೇರೆಯದೇ ರೂಪ ತಾಳಿತ್ತು. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಆರಂಭವಾದ ಪಾರ್ಥೆನಾನ್ ಅಧ್ಯಯನವು, ಗರ್ಭಕಾಲದಲ್ಲಿ ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವರ್ಷಕ್ಕೇ ಚರ್ಮದಡಿಯ ಕೊಬ್ಬು ಹೆಚ್ಚಿರುವುದನ್ನು ಗುರುತಿಸಿತು.

ಕರ್ಮವಾದಿಯ ಬಳಿ ಇದಕ್ಕೆ ಸಿದ್ಧ ಉತ್ತರವಿದೆ. ಜೀವವು ತನ್ನ ಪೂರ್ವಕರ್ಮಕ್ಕೆ ತಕ್ಕ ಗರ್ಭವನ್ನೇ ಹೊಕ್ಕಿತು. ಅಕ್ಕ ಆರೋಗ್ಯವಂತ ಗರ್ಭಕ್ಕೂ ತಮ್ಮ ಮಧುಮೇಹದ ಗರ್ಭಕ್ಕೂ ಬಂದದ್ದು ಅವರವರ ಗಳಿಕೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಈಶ್ವರನ ಮೇಲೆ ಪಕ್ಷಪಾತ ಮತ್ತು ನಿರ್ದಯತೆಯ ಆಪಾದನೆ ಬಂದಾಗ, ಅವನು ಜೀವರ ಕರ್ಮವನ್ನು ಅನುಸರಿಸಿಯೇ ಸೃಷ್ಟಿಸುತ್ತಾನೆ, ಕರ್ಮದ ಸರಣಿಗೆ ಆದಿಯಿಲ್ಲ ಎಂದು ಕೊಡುವ ಸಮಾಧಾನ ಇದೇ ಜಾಡಿನದು. ಜೈನರು ಕರ್ಮವನ್ನು ಜೀವಕ್ಕೆ ಅಂಟುವ ಸೂಕ್ಷ್ಮ ದ್ರವ್ಯವೆಂದೇ ತಿಳಿದು, ಒಬ್ಬನದು ಇನ್ನೊಬ್ಬನಿಗೆ ದಾಟುವುದನ್ನು ಖಂಡತುಂಡವಾಗಿ ನಿರಾಕರಿಸುತ್ತಾರೆ. ಈ ಉತ್ತರಗಳನ್ನು ತರ್ಕದಿಂದ ಕೆಡವುವುದು ಕಷ್ಟ, ಏಕೆಂದರೆ ಯಾವ ಸಾಕ್ಷ್ಯ ಬಂದರೂ ಅವು ಅದನ್ನು ಒಳಗೆ ಹಾಕಿಕೊಳ್ಳುತ್ತವೆ. ಅವುಗಳ ಬಲಹೀನತೆಯೂ ಅದೇ. ಈಶ್ವರನ ನಿರ್ದೋಷತ್ವವನ್ನು ಉಳಿಸಲು ಹುಟ್ಟಿದ ವಾದವನ್ನು ಹೆರಿಗೆ ವಾರ್ಡಿಗೆ ತಂದಾಗ ಅದು ಕೂಸನ್ನೇ ಆರೋಪಿಯಾಗಿಸುತ್ತದೆ. ಪಾಳಿಯ ಸಂಯುತ್ತನಿಕಾಯದಲ್ಲಿ ಸೀವಕನೆಂಬ ಪರಿವ್ರಾಜಕನು, ಎಲ್ಲ ವೇದನೆಯೂ ಪೂರ್ವಕರ್ಮದಿಂದಲೇ ಎನ್ನುವವರ ಬಗ್ಗೆ ಕೇಳಿದಾಗ ಬುದ್ಧನು ಪಿತ್ತ, ಶ್ಲೇಷ್ಮ, ವಾತ, ಇವುಗಳ ಸನ್ನಿಪಾತ, ಋತುಬದಲಾವಣೆ, ಆರೈಕೆಯ ಏರುಪೇರು, ಹೊರಗಿನ ಆಘಾತ, ಕರ್ಮವಿಪಾಕ ಎಂದು ಎಂಟು ಕಾರಣಗಳನ್ನು ಹೇಳಿ, ಎಲ್ಲವನ್ನೂ ಕರ್ಮಕ್ಕೇ ಕಟ್ಟುವವರು ಲೋಕಾನುಭವವನ್ನು ಮೀರುತ್ತಾರೆ ಎನ್ನುತ್ತಾನೆ. ಕರ್ಮವನ್ನು ಕೈಬಿಡದೆಯೇ ಅದಕ್ಕೆ ಎಂಟರಲ್ಲಿ ಒಂದು ಸ್ಥಾನ ಕೊಟ್ಟ ಈ ಉತ್ತರ ಮಾಸಿನ ವಿಷಯದಲ್ಲಿ ಹೆಚ್ಚು ಸಂಗತವಾಗಿ ಕಾಣುತ್ತದೆ.

ಹಾಗಾದರೆ ಅಕೃತಾಭ್ಯಾಗಮವನ್ನು ದೋಷವೆಂದು ತಳ್ಳಿಹಾಕುವ ಬದಲು ಗರ್ಭಸ್ಥಿತಿಯ ವಾಸ್ತವವೆಂದು ಒಪ್ಪಬೇಕಾಗುತ್ತದೆ. ಒಪ್ಪಿದೊಡನೆ ಏಳುವ ಭಯ, ಯಾರೂ ಮಾಡಿಲ್ಲವೆಂದರೆ ಯಾರೂ ಹೊಣೆಯಲ್ಲ ಎಂಬುದು. ಈ ಭಯಕ್ಕೆ ಉತ್ತರ ಭಾರತೀಯ ಚಿಂತನೆಯಲ್ಲೇ, ಕರ್ಮದ ಪಕ್ಕದಲ್ಲೇ ಇರುವ ಇನ್ನೊಂದು ಕಲ್ಪನೆಯಲ್ಲಿದೆ. ತೈತ್ತಿರೀಯ ಸಂಹಿತೆಯ ಪ್ರಕಾರ ಬ್ರಾಹ್ಮಣನು ಹುಟ್ಟುವಾಗಲೇ ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಸಾಲಗಾರನಾಗಿರುತ್ತಾನೆ. ಮುಂದೆ ಈ ಕಲ್ಪನೆ ಆ ವರ್ಣದ ಮೇರೆಯನ್ನು ದಾಟಿ ಹರಡಿತು. ಈ ಋಣವನ್ನು ಯಾರೂ ಕೈಯೊಡ್ಡಿ ಪಡೆದದ್ದಲ್ಲ, ಅದರಲ್ಲಿ ಯಾವ ಅಪರಾಧವೂ ಇಲ್ಲ, ಆದರೂ ತೀರಿಸಬೇಕು. ಕರ್ಮದ ಭಾಷೆಯಲ್ಲಿ ಹೊಣೆ ಹುಟ್ಟಬೇಕಾದರೆ ಮೊದಲು ತಪ್ಪನ್ನು ಹುಡುಕಬೇಕು. ಋಣದ ಭಾಷೆಯಲ್ಲಿ ಸಂಬಂಧವೊಂದೇ ಸಾಕು. ಮಧುಮೇಹದ ಗರ್ಭವನ್ನು ಕುರಿತ ವಿಚಾರ ಇದುವರೆಗೆ ಮೊದಲನೆಯ ಭಾಷೆಯಲ್ಲಿ ನಡೆದದ್ದೇ ತಾಯಿಯ ಮೇಲಿನ ಆಪಾದನೆಗೆ ಮೂಲ.

ಋಣವೆಂದು ನೋಡಿದಾಗ ಸಾಲಗಾರರ ಸಾಲು ಉದ್ದವಾಗುತ್ತದೆ. ಬಸುರಿಗೆ ಸಕ್ಕರೆ ತಾಳಿಕೊಳ್ಳುವ ಶಕ್ತಿ ಕಡಿಮೆಯಾಗಿರುವುದಕ್ಕೆ ಅವಳು ತನ್ನ ತಾಯಿಯ ಗರ್ಭದಲ್ಲಿ ಉಂಡದ್ದೋ ಉಣ್ಣದ್ದೋ ಕಾರಣವಾಗಿರಬಹುದು. ಅವಳ ಗರ್ಭದಲ್ಲಿರುವುದು ಹೆಣ್ಣುಕೂಸಾದರೆ, ಆ ಕೂಸಿನ ಅಂಡಾಶಯದಲ್ಲಿ ಮುಂದಿನ ಪೀಳಿಗೆಯ ಅಂಡಗಳು ಐದನೆಯ ತಿಂಗಳ ಹೊತ್ತಿಗೆ ರೂಪುಗೊಂಡಿರುತ್ತವೆ. ಶ್ರಾದ್ಧದಲ್ಲಿ ಹಿಂದಕ್ಕೆ ಮೂರು ತಲೆಮಾರಿಗೆ ಪಿಂಡವಿಡುವ ಮನೆಯವರಿಗೆ ಮುಂದಕ್ಕೆ ಮೂರು ತಲೆಮಾರನ್ನು ಎಣಿಸುವುದು ಅಪರಿಚಿತವೇನಲ್ಲ. ಒಂದೇ ಬಸುರಿನಲ್ಲಿ ಆ ಮೂರೂ ಒಟ್ಟಿಗಿರುತ್ತವೆ ಎಂಬುದಷ್ಟೇ ಹೊಸದು.

ದೈವ ಮತ್ತು ಪುರುಷಕಾರಗಳ ಬಲಾಬಲವನ್ನು ಚರಕನ ವಿಮಾನಸ್ಥಾನ ವಿಚಾರಿಸುವಾಗ, ಹಿಂದಿನ ದೇಹದಲ್ಲಿ ಮಾಡಿದ್ದು ದೈವ, ಈ ದೇಹದ ಪ್ರಯತ್ನ ಪುರುಷಕಾರ, ಬಲವಾದ ಪ್ರಯತ್ನ ದುರ್ಬಲ ದೈವವನ್ನು ಮಣಿಸುತ್ತದೆ ಎಂಬ ನಿಲುವನ್ನು ತಾಳುತ್ತದೆ. ಪ್ರಯತ್ನಕ್ಕೆ ಫಲವಿದೆಯೆಂಬುದಕ್ಕೆ ಸಾಕ್ಷ್ಯವೂ ಇದೆ, ಆ ಫಲಕ್ಕೆ ಮೇರೆಯಿದೆಯೆಂಬುದಕ್ಕೂ ಇದೆ. ಬಹುಮಟ್ಟಿಗೆ ಆಸ್ಟ್ರೇಲಿಯಾದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆಹಾರಸಲಹೆ, ಸಕ್ಕರೆಯ ಅಳತೆ, ಬೇಕಾದಾಗ ಇನ್ಸುಲಿನ್ ಪಡೆದ ಗರ್ಭಿಣಿಯರ ಕೂಸುಗಳಲ್ಲಿ ಹುಟ್ಟಿನ ಹೊತ್ತಿನ ಗಂಭೀರ ತೊಡಕುಗಳು ನೂರಕ್ಕೆ 4ರಿಂದ 1ಕ್ಕೆ ಇಳಿದವು. ಅದೇ ಮಕ್ಕಳಲ್ಲಿ ಕೆಲವರನ್ನು ನಾಲ್ಕೈದು ವರ್ಷದವರಾದಾಗ ತೂಗಿ ನೋಡಿದರೆ, ತಾಯಿಗೆ ಚಿಕಿತ್ಸೆ ಸಿಕ್ಕವರಿಗೂ ಸಿಗದವರಿಗೂ ಎತ್ತರಕ್ಕೆ ತಕ್ಕ ತೂಕದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಗರ್ಭದ ಕೊನೆಯ ಮೂರು ತಿಂಗಳ ಪಥ್ಯ ಹೆರಿಗೆಯನ್ನು ಸುರಕ್ಷಿತವಾಗಿಸುತ್ತದೆ. ಹಿಂದಿನಿಂದ ಬಂದ ಸಾಲವೆಲ್ಲ ಅದರಲ್ಲಿ ತೀರುವುದಿಲ್ಲ. ಉಳಿದದ್ದು ತೀರಬೇಕಾದರೆ ಹುಡುಗಿಯು ಬಸುರಿಯಾಗುವ ವರ್ಷಗಳ ಮೊದಲೇ ಅವಳ ತಟ್ಟೆಗೆ ಏನು ಬೀಳುತ್ತದೆ, ಅವಳಿಗೆ ಆಡಲು ಓಡಲು ಎಷ್ಟು ಬಿಡುತ್ತಾರೆ, ಒಂದು ಬಾರಿ ಸಕ್ಕರೆ ಕಂಡವಳನ್ನು ಹೆರಿಗೆಯ ನಂತರ ಮತ್ತೆ ಪರೀಕ್ಷೆಗೆ ಕರೆಯುತ್ತಾರೋ ಇಲ್ಲವೋ ಎಂಬಲ್ಲಿಂದ ತೊಡಗಬೇಕು. ಇವುಗಳಲ್ಲಿ ಯಾವುದನ್ನೂ ಬಸುರಿಯೊಬ್ಬಳೇ ನಿರ್ಧರಿಸುವುದಿಲ್ಲ. ಪಿತೃಋಣ ತಮ್ಮದೆಂದು ಹೇಳಿಕೊಳ್ಳುವ ಗಂಡಸರೂ, ಸೊಸೆಯ ತಟ್ಟೆಗೆ ಬಡಿಸುವ ಹಿರಿಯರೂ, ಪಡಿತರದಲ್ಲಿ ಏನು ಕೊಡಬೇಕೆಂದು ಗೊತ್ತುಮಾಡುವ ಸರ್ಕಾರವೂ ಸೇರಿ ನಿರ್ಧರಿಸುತ್ತಾರೆ.